ಬಿಟ್‌ಕಾಯಿನ್ ಬ್ಲಾಕ್ ಗಾತ್ರ ಎಂಟು ಪಟ್ಟು ಏರಿಸಿದರೆ ನಿಜಕ್ಕೂ ಏನು ಕೆಡುತ್ತೆ?

ತುಂಗಾತೀರ:
ಈ ವಿಷಯ ಎತ್ತಿದಾಗಲೆಲ್ಲ "ವಿಕೇಂದ್ರೀಕರಣ ಹಾಳಾಗುತ್ತೆ" ಅಂತ ಒಂದು ಸಾಲಿನ ಉತ್ತರ ಬರುತ್ತೆ, ಮಾತು ಅಲ್ಲಿಗೇ ನಿಲ್ಲುತ್ತೆ. ಯಾವ ಭಾಗ ಕೆಡುತ್ತೆ, ಎಷ್ಟು ಹೊರೆಗೆ, ಯಾಕೆ ಅಂತ ಲೆಕ್ಕದ ಸಮೇತ ತಿಳ್ಕೋಬೇಕು. ಬಲ್ಲವರು ಬಿಡಿಸಿ ಹೇಳಿ.

ನನ್ನ ಲೆಕ್ಕ ಹೀಗಿದೆ. ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ (ಟ್ರಾನ್ಸಾಕ್ಷನ್‌ಗಳ ಕಟ್ಟು), ದಿನಕ್ಕೆ 144. ಬ್ಲಾಕಿಗೆ 40 ಲಕ್ಷ ವೇಟ್ ಯೂನಿಟ್ (ಗಾತ್ರ ಅಳೆಯೋ ಘಟಕ) ಮಿತಿ, ನಾಲ್ಕು ಯೂನಿಟ್‌ಗೆ ಒಂದು ವಿ-ಬೈಟ್, ಅಂದ್ರೆ 10 ಲಕ್ಷ ವಿ-ಬೈಟ್. ಒಂದು ಇನ್‌ಪುಟ್ (ಹಣ ಬರೋ ಮೂಲ), ಎರಡು ಔಟ್‌ಪುಟ್ (ಹಣ ಹೋಗೋ ಕಡೆ) ಇರೋ ಸಾಧಾರಣ ಸೆಗ್‌ವಿಟ್ (ಸಹಿಯನ್ನ ಬೇರೆ ಇಡೋ ಹೊಸ ಬಗೆ) ಟ್ರಾನ್ಸಾಕ್ಷನ್ 141 ವಿ-ಬೈಟ್. ಹಾಗಾಗಿ ಬ್ಲಾಕಿಗೆ ಹೆಚ್ಚೆಂದರೆ 7,090, ಸೆಕೆಂಡಿಗೆ ಹನ್ನೆರಡೂ ಇಲ್ಲ. ಜಗತ್ತಿನಲ್ಲಿ ಮತ್ಯಾರೂ ಬಳಸದೆ ಸುಮ್ಮನಿದ್ದು, ಭಾರತದ 140 ಕೋಟಿ ಜನ ತಲಾ ಒಂದೇ ಒಂದು ಟ್ರಾನ್ಸಾಕ್ಷನ್ ಮಾಡಿದರೂ ಮೂರೂಮುಕ್ಕಾಲು ವರ್ಷ ಬೇಕು. ಎಂಟು ಪಟ್ಟು ಏರಿಸಿದರೆ ಆರು ತಿಂಗಳೊಳಗೆ ಮುಗಿಯುತ್ತೆ.

1 ಎಂಬಿ ಮಿತಿ ಹಾಕಿದ್ದು 2010ರಲ್ಲಿ. ಈಗ ಮನೆಮನೆಗೆ 100 ಎಂಬಿಪಿಎಸ್ ಫೈಬರ್ ಇದೆ. 10 ನಿಮಿಷಕ್ಕೆ 8 ಎಂಬಿ ಅಂದರೆ ಸೆಕೆಂಡಿಗೆ 0.11 ಮೆಗಾಬಿಟ್. ಇಷ್ಟಕ್ಕೆ ಯಾವ ನೋಡ್ (ಎಲ್ಲ ಬ್ಲಾಕ್ ಇಳಿಸಿ ಪರಿಶೀಲಿಸೋ ಯಂತ್ರ) ಸುಸ್ತಾಗುತ್ತೆ?

ಲೆಕ್ಕದ_ಮೇಷ್ಟ್ರು:
ಲೆಕ್ಕ ಸರಿ ಇದೆ, ಆದರೆ ಅದು ಸರಾಸರಿಯ ಲೆಕ್ಕ. ಮಿತಿಯನ್ನ ನಿರ್ಧರಿಸೋದು ಸರಾಸರಿ ಅಲ್ಲ, ಅತಿ ಕೆಟ್ಟ ಬ್ಲಾಕ್.

ಮೊದಲು "ಎಂಟು ಪಟ್ಟು" ಅಂದರೇನು ಅಂತ ಖಚಿತ ಮಾಡ್ಕೊಳ್ಳಿ. ವೇಟ್ ಲೆಕ್ಕದಲ್ಲಿ ಸಹಿ ಇರೋ ವಿಟ್ನೆಸ್ ಭಾಗದ ಒಂದು ಬೈಟಿಗೆ 1 ಯೂನಿಟ್, ಉಳಿದ ಭಾಗದ ಒಂದು ಬೈಟಿಗೆ 4 ಯೂನಿಟ್. ಹಾಗಾಗಿ 40 ಲಕ್ಷ ಯೂನಿಟ್ ಬ್ಲಾಕ್, ಒಳಗೇನಿದೆ ಅನ್ನೋದರ ಮೇಲೆ 1 ಎಂಬಿಯೂ ಇರಬಹುದು, ಸುಮಾರು 4 ಎಂಬಿಯೂ ಇರಬಹುದು. 2023ರ ಫೆಬ್ರವರಿಯಲ್ಲಿ ಒಂದೇ ಚಿತ್ರವನ್ನ ವಿಟ್ನೆಸ್ ಒಳಗೆ ತುರುಕಿ 3.96 ಎಂಬಿ ಬ್ಲಾಕ್ ಮಾಡಿದರು. ನೀವು ವೇಟ್ ಅನ್ನ ಎಂಟು ಪಟ್ಟು ಮಾಡಿದರೆ 8 ಎಂಬಿಗಲ್ಲ, 32 ಎಂಬಿಗೆ ಸಿದ್ಧ ಇರಬೇಕು.

ಡಿಸ್ಕ್: ಈಗ ಬ್ಲಾಕ್‌ಗಳು ಸರಾಸರಿ 1.5ರಿಂದ 1.8 ಎಂಬಿ, ವರ್ಷಕ್ಕೆ 85 ಜಿಬಿ ಆಸುಪಾಸು. ಎಂಟು ಪಟ್ಟಾದರೆ 680 ಜಿಬಿ. ಈಗಿರೋ ಸುಮಾರು 700 ಜಿಬಿ ಮೇಲೆ ಇದನ್ನ ಕೂಡಿಸಿದರೆ 2 ಟಿಬಿ ಡ್ರೈವ್ ಎರಡು ವರ್ಷಕ್ಕೆ ಭರ್ತಿ.

ಸೋಮವಾರಪೇಟೆ_ಕಾಫಿ:
ಪ್ರೂನ್ ಮಾಡಿ ಬಿಡಿ. ಕಾನ್ಫಿಗ್ ಫೈಲಿನಲ್ಲಿ ಪ್ರೂನ್=550 ಹಾಕಿದರೆ ಕೊನೆಯ 550 ಎಂಬಿಯಷ್ಟು ಬ್ಲಾಕ್ ಮಾತ್ರ ಉಳಿಯುತ್ತೆ. ಡಿಸ್ಕ್ ಒಂದು ಸಮಸ್ಯೆಯೇ ಅಲ್ಲ.

ಸಹ್ಯಾದ್ರಿ_ನೋಡ್:
ಪ್ರೂನ್ ಮಾಡಿದರೂ ಮೊದಲ ಬ್ಲಾಕಿನಿಂದ ಎಲ್ಲವನ್ನೂ ಒಮ್ಮೆ ಇಳಿಸಿ ಪರಿಶೀಲಿಸಲೇಬೇಕು, ಆಮೇಲೆ ತಾನೇ ಅಳಿಸೋದು? ಹೊಸ ನೋಡ್ ಕಟ್ಟೋ ಸಮಯ ಒಂದು ನಿಮಿಷವೂ ಕಡಿಮೆ ಆಗಲ್ಲ. ಮೇಲಾಗಿ ಪ್ರೂನ್ ಆದ ನೋಡ್ ಹಳೆಯ ಬ್ಲಾಕ್‌ಗಳನ್ನ ಹೊಸಬರಿಗೆ ಕೊಡೋಕಾಗಲ್ಲ, ಹಳೆಯ ವಾಲೆಟ್ ಹಾಕಿದರೆ ರೀಸ್ಕ್ಯಾನ್ (ಹಳೆಯ ಬ್ಲಾಕ್‌ಗಳಲ್ಲಿ ಅದರ ವಹಿವಾಟು ಹುಡುಕೋದು) ಮಾಡೋಕಾಗಲ್ಲ, ಡೇಟಾಬೇಸ್ ಕೆಟ್ಟರೆ ರೀಇಂಡೆಕ್ಸ್ (ಅದನ್ನ ಮತ್ತೆ ಕಟ್ಟೋದು) ಅಂದರೆ ಪೂರ್ತಿ ಮರುಡೌನ್‌ಲೋಡ್.

ಇಕ್ಕಟ್ಟು ಎಲ್ಲಿದೆ ಅಂದರೆ ಚೈನ್‌ಸ್ಟೇಟ್‌ನಲ್ಲಿ. ಖರ್ಚಾಗದೆ ಉಳಿದ ಪ್ರತಿ ಔಟ್‌ಪುಟ್‌ನ ಪಟ್ಟಿ ಅದು, ಯುಟಿಎಕ್ಸ್‌ಒ ಸೆಟ್ ಅಂತಾರೆ. ಇದನ್ನ ಪ್ರೂನ್ ಮಾಡೋಕೆ ಬರಲ್ಲ, ಯಾಕಂದರೆ ಹೊಸ ಟ್ರಾನ್ಸಾಕ್ಷನ್ ಯಾವ ಹಳೆಯ ಔಟ್‌ಪುಟ್ ಖರ್ಚು ಮಾಡುತ್ತೆ ಅಂತ ಮೊದಲೇ ಗೊತ್ತಿರಲ್ಲ. 2022ರ ಕೊನೆಗೆ ಸುಮಾರು 5 ಜಿಬಿ ಇದ್ದದ್ದು ಚೈನ್ ಮೇಲೆ ಟೋಕನ್, ಚಿತ್ರ ಬರೆಯೋ ಬಿಆರ್‌ಸಿ-20, ಸ್ಟ್ಯಾಂಪ್ಸ್ ಇತ್ಯಾದಿಗಳ ಸಣ್ಣ ಸಣ್ಣ ಔಟ್‌ಪುಟ್‌ಗಳಿಂದ 11 ಜಿಬಿ ಆಸುಪಾಸಿಗೆ ಬಂತು. ಅದೂ ಮಿತಿ ಏರಿಸದೇ.

ಪ್ರತಿ ಇನ್‌ಪುಟ್ ಪರಿಶೀಲನೆಗೂ ಈ ಪಟ್ಟಿಯಲ್ಲಿ ಎಲ್ಲೋ ಒಂದು ಕಡೆ ಹುಡುಕಬೇಕು. ರ‍್ಯಾಮಿನಲ್ಲಿದ್ದರೆ ಕ್ಷಣಾರ್ಧ. ಎಸ್‌ಎಸ್‌ಡಿಯಲ್ಲಿದ್ದರೆ ಪರವಾಗಿಲ್ಲ. ತಿರುಗೋ ಹಾರ್ಡ್‌ಡಿಸ್ಕ್ ಆದರೆ ಸಿಂಕ್ ವಾರಗಟ್ಟಲೆ ತೆವಳುತ್ತೆ, ಸಿಪಿಯು ಖಾಲಿ ಕೂತಿರುತ್ತೆ. ಅದಕ್ಕೇ ಮೊದಲ ಸಿಂಕ್ ಸಮಯದಲ್ಲಿ ಡಿಬಿಕ್ಯಾಶ್ (ಈ ಪಟ್ಟಿಗೆ ಮೀಸಲಿಡೋ ರ‍್ಯಾಮ್, ಎಂಬಿಯಲ್ಲಿ) ಅನ್ನ ಮೂಲದ 450ರಿಂದ 4,000ಕ್ಕೆ ಏರಿಸಿ ಅನ್ನೋದು. 8 ಜಿಬಿ ರ‍್ಯಾಮ್ ಇದ್ದರೆ 4,000 ದಾಟಬೇಡಿ. ಸಿಸ್ಟಂ ಸ್ವಾಪ್‌ಗೆ (ರ‍್ಯಾಮ್ ಸಾಲದೆ ಡಿಸ್ಕ್ ಬಳಸೋಕೆ) ಇಳಿದರೆ ಗಳಿಸಿದ್ದೆಲ್ಲ ಹೋಗುತ್ತೆ. ಸಿಂಕ್ ಮುಗಿದ ಮೇಲೆ 450ಕ್ಕೆ ವಾಪಸ್ ತನ್ನಿ.

ತುಂಗಾತೀರ:
@ಸಹ್ಯಾದ್ರಿ_ನೋಡ್ ಇದು ನನ್ನ ತಲೆಗೆ ಬಂದಿರಲಿಲ್ಲ. ಹಾಗಾದರೆ ಬ್ಯಾಂಡ್‌ವಿಡ್ತ್ ವಿಷಯದಲ್ಲಿ ತೊಂದರೆ ಇಲ್ಲ ಅಂತ ಒಪ್ತೀರಾ?

ಪಡುಗಡಲು:
ಇಲ್ಲ ಮಾರಾಯ್ರೆ, ಅಲ್ಲಿಯೂ ಉಂಟು. ನೀವು 8 ಎಂಬಿಯನ್ನು 600 ಸೆಕೆಂಡಿಗೆ ಹಂಚಿ ನೋಡಿದ್ರಿ. ಮೈನರ್‌ಗೆ (ಹೊಸ ಬ್ಲಾಕ್ ಕಟ್ಟುವವನಿಗೆ) ಅಷ್ಟು ಪುರುಸೊತ್ತು ಇಲ್ಲ. ಬ್ಲಾಕ್ ಸಿಕ್ಕಿದ ಕ್ಷಣದಿಂದ ಅದು ಉಳಿದ ಮೈನರ್‌ಗಳಿಗೆ ಮುಟ್ಟುವವರೆಗೆ ಅವರು ಹಳೆಯ ತುದಿಯ ಮೇಲೆಯೇ ಹ್ಯಾಶ್ ಮಾಡ್ತಾ, ಅಂದ್ರೆ ಮುಂದಿನ ಬ್ಲಾಕಿಗೆ ಲೆಕ್ಕ ಹಾಕ್ತಾ ಇರ್ತಾರೆ. ಅಷ್ಟರಲ್ಲಿ ಅವರಿಗೊಂದು ಬ್ಲಾಕ್ ಸಿಕ್ಕಿದ್ರೆ ಎರಡರಲ್ಲಿ ಒಂದು ಹಾಳು.

2013ರಲ್ಲಿ ಡೆಕರ್ ಮತ್ತು ವಾಟನ್‌ಹೋಫರ್ ಎಂಬ ಸಂಶೋಧಕರು ಇದನ್ನು ಅಳೆದಿದ್ದಾರೆ. ಬ್ಲಾಕ್ ಒಂದು ನೋಡ್‌ಗೆ ಮುಟ್ಟಲು ಸರಾಸರಿ 12.6 ಸೆಕೆಂಡ್. 20 ಕೆಬಿ ದಾಟಿದ ಮೇಲೆ ಪ್ರತಿ ಕೆಬಿಗೆ 80 ಮಿಲಿಸೆಕೆಂಡ್ ಹೆಚ್ಚುವರಿ. 12.6 ಸೆಕೆಂಡ್ ತಡ ಅಂದ್ರೆ ಬ್ಲಾಕ್ ಕವಲೊಡೆಯುವ ಸಂಭವ ಲೆಕ್ಕದಲ್ಲಿ 2 ಪ್ರತಿಶತ, ಅವರು ಕಂಡದ್ದು 1.69 ಪ್ರತಿಶತ.

ಈ ನಷ್ಟ ಎಲ್ಲರಿಗೂ ಸಮ ಬೀಳುವುದಿಲ್ಲ, ಅದೇ ಮುಖ್ಯ. 30 ಪ್ರತಿಶತ ಹ್ಯಾಶ್ ಇರುವ ಪೂಲ್ (ಮೈನರ್‌ಗಳ ಗುಂಪು) ತನ್ನ ಬ್ಲಾಕನ್ನು ತಾನು ತಕ್ಷಣ ನೋಡ್ತದೆ, ಅಂದ್ರೆ ಜಗತ್ತಿನ 30 ಪ್ರತಿಶತ ಹ್ಯಾಶಿಗೆ ತಡವೇ ಇಲ್ಲ. 1 ಪ್ರತಿಶತದವನಿಗೆ ಉಳಿದ 99ರ ಎದುರು ತಡ. ಬ್ಲಾಕ್ ನಿಧಾನ ಆದಷ್ಟೂ ಸಣ್ಣವರು ದೊಡ್ಡ ಪೂಲ್‌ಗೆ ಸೇರುವುದೇ ಲಾಭ.

ದೊಡ್ಡಬ್ಲಾಕ್:
2013ರ ಅಂಕಿ ಹಿಡ್ಕೊಂಡು ಇವತ್ತಿನ ನೆಟ್‌ವರ್ಕ್ ಬಗ್ಗೆ ಮಾತಾಡಬಾರದು. 2016ರಲ್ಲೇ ಕಾಂಪ್ಯಾಕ್ಟ್ ಬ್ಲಾಕ್ ಬಂತು, ಬಿಐಪಿ (ಬಿಟ್‌ಕಾಯಿನ್ ಸುಧಾರಣೆಯ ಪ್ರಸ್ತಾಪ) 152. ಈಗ ಯಾರೂ ಇಡೀ ಬ್ಲಾಕ್ ಕಳಿಸಲ್ಲ. ಟ್ರಾನ್ಸಾಕ್ಷನ್‌ಗೆ 6 ಬೈಟ್‌ನ ಗುರುತು ಕಳಿಸ್ತಾರೆ, ಎದುರಿನ ನೋಡ್ ತನ್ನ ಮೆಂಪೂಲ್ (ಬ್ಲಾಕ್ ಸೇರೋಕೆ ಕಾಯ್ತಿರೋ ಟ್ರಾನ್ಸಾಕ್ಷನ್‌ಗಳ ರಾಶಿ) ಒಳಗಿಂದ ತೆಗೆದು ಬ್ಲಾಕ್ ಜೋಡಿಸ್ಕೊಳ್ಳುತ್ತೆ. 7,000 ಟ್ರಾನ್ಸಾಕ್ಷನ್ ಅಂದರೆ 42 ಕೆಬಿ. ಎಂಟು ಪಟ್ಟು ಆದರೂ 340 ಕೆಬಿ. ಕೆಬಿಗೆ 80 ಮಿಲಿಸೆಕೆಂಡ್ ಅನ್ನೋ ಸೂತ್ರ ಅಲ್ಲಿಗೇ ಸತ್ತಿತು.

ಇನ್ನೊಂದು. 2010ರ ಅಕ್ಟೋಬರ್‌ನಲ್ಲಿ ಬಿಟ್‌ಕಾಯಿನ್ ಸೃಷ್ಟಿಸಿದ ಸತೋಷಿಯೇ ಮಿತಿ ಏರಿಸೋ ದಾರಿ ಬರೆದಿಟ್ಟಿದ್ದಾರೆ: ಬ್ಲಾಕ್ ಸಂಖ್ಯೆ 115,000 ದಾಟಿದ ಮೇಲೆ ದೊಡ್ಡ ಮಿತಿ ಅಂತ ಕೋಡಿನಲ್ಲಿ ಮುಂಚೆಯೇ ಹಾಕಿಡಿ, ಆ ಹೊತ್ತಿಗೆ ಹಳೆಯ ಆವೃತ್ತಿಗಳು ಮೂಲೆ ಸೇರಿರುತ್ತವೆ ಅಂತ. 1 ಎಂಬಿ ಶಾಶ್ವತ ಅಂತ ಯಾರೂ ಅಂದುಕೊಂಡಿರಲಿಲ್ಲ.

ಪಡುಗಡಲು:
ಕಾಂಪ್ಯಾಕ್ಟ್ ಬ್ಲಾಕ್ ಕೆಲಸ ಮಾಡುವುದು ಎರಡೂ ಕಡೆ ಮೆಂಪೂಲ್ ಒಂದೇ ತರಹ ಇದ್ದಾಗ ಮಾತ್ರ. ಒಂದು ಟ್ರಾನ್ಸಾಕ್ಷನ್ ಕಾಣೆ ಆದ್ರೂ ಕೇಳಿ ತರಿಸಲು ಒಂದು ಸುತ್ತು ಹೆಚ್ಚು. 2025ರಲ್ಲಿ ಇದು ಕಣ್ಣೆದುರೇ ಆಯ್ತಲ್ಲ. ಮೈನರ್‌ಗಳು ವಿ-ಬೈಟಿಗೆ 1 ಸ್ಯಾಟ್‌ಗಿಂತ (ಬಿಟ್‌ಕಾಯಿನ್‌ನ ಹತ್ತು ಕೋಟಿಯ ಒಂದು ಪಾಲು) ಕಡಿಮೆ ಫೀ ಇರುವ ಟ್ರಾನ್ಸಾಕ್ಷನ್‌ಗಳನ್ನು ಸೇರಿಸಲು ಶುರು ಮಾಡಿದ್ರು. ಹೆಚ್ಚಿನ ನೋಡ್‌ಗಳು ಅದನ್ನು ತಿರಸ್ಕರಿಸ್ತಿದ್ದ ಕಾರಣ ಅವುಗಳ ಮೆಂಪೂಲ್‌ನಲ್ಲಿ ಅದು ಇರ್ಲೇ ಇಲ್ಲ, ಪ್ರತಿ ಬ್ಲಾಕಿಗೂ ನೂರಾರು ಟ್ರಾನ್ಸಾಕ್ಷನ್ ಕೇಳಿ ತರಿಸಬೇಕಾಯ್ತು. ಆಮೇಲೆ ಕೋರ್ (ಹೆಚ್ಚಿನ ನೋಡ್‌ಗಳು ಓಡಿಸುವ ಸಾಫ್ಟ್‌ವೇರ್) ತನ್ನ ಮೂಲಮಿತಿಯನ್ನು 0.1 ಸ್ಯಾಟ್‌ಗೆ ಇಳಿಸಿತು.

ಮೈನರ್ ಬೇಕಂತಲೇ ಯಾರಿಗೂ ತೋರಿಸದ ಟ್ರಾನ್ಸಾಕ್ಷನ್ ತುಂಬಿಸಿದ್ರೆ? 32 ಎಂಬಿಯನ್ನೂ ಆಗ ಪೂರ್ತಿ ಕಳಿಸ್ಲೇಬೇಕು. ಸುರಕ್ಷತೆಯ ಲೆಕ್ಕವನ್ನು ಒಳ್ಳೆಯವರ ಮೇಲೆ ನಂಬಿಕೆ ಇಟ್ಟು ಹಾಕುವುದಲ್ಲ.

ಹುಬ್ಬಳ್ಳಿ_ಹ್ಯಾಶ್:
ಗಾತ್ರ ಏರಿಸೂದು ಅಂದ್ರ ಒಂದು ಅಂಕಿ ತಿದ್ದೂದು ಅಂತ ತಿಳ್ಕೊಂಡವ್ರು 2013ರ ಮಾರ್ಚ್ 11–12ರ ರಾತ್ರಿ ಏನಾತು ಅಂತ ಓದ್ರಿ.

ಆಗ 1 ಎಂಬಿ ಮಿತಿ ಇದ್ರೂ ಮೈನರ್ ಸಾಫ್ಟ್‌ವೇರ್ ತಾನಾಗೇ 250 ಕೆಬಿಗೆ ನಿಲ್ಲಸ್ತಿತ್ತು. ಆ ಒಳಮಿತಿ ಏರಸ್ರಿ ಅಂತ ಮೈನರ್ಸ್‌ಗೆ ಹೇಳಿದ್ರು, ಅವ್ರೂ ಏರಿಸಿದ್ರು. ಬ್ಲಾಕ್ 225,430 ದೊಡ್ಡದಾಗಿ ಬಂತು, ನಿಯಮದ ಒಳಗs ಇತ್ತು. ಬಿಟ್‌ಕಾಯಿನ್ ಸಾಫ್ಟ್‌ವೇರಿನ 0.8 ಆವೃತ್ತಿ ಲೆವೆಲ್‌ಡಿಬಿ ಅನ್ನೂ ಡೇಟಾಬೇಸ್ ಬಳಸ್ತಿತ್ತು, ಆರಾಮಾಗಿ ತಗೊಂತು. 0.7 ಬರ್ಕ್ಲಿಡಿಬಿ ಬಳಸ್ತಿತ್ತು, ಅದ್ರಾಗ ಒಮ್ಮೆಗೆ ಇಷ್ಟs ಲಾಕ್ ಅನ್ನೂ ಮಿತಿ ಐತಿ. ಅಷ್ಟು ಲಾಕ್ ಸಾಲಲಿಲ್ಲ, ಬ್ಲಾಕ್ ತಿರಸ್ಕಾರ. ಸರಪಳಿ ಎರಡಾತು. 0.8ರ ಕಡೆ ಹೆಚ್ಚು ಹ್ಯಾಶ್ ಇದ್ರೂ ದೊಡ್ಡ ಪೂಲ್‌ಗಳನ್ನ 0.7ಕ್ಕ ವಾಪಸ್ ಕರ್ಕೊಂಡು ಬಂದು, 24 ಬ್ಲಾಕ್ ಬಿಟ್ಟು ಸರಿ ಮಾಡಿದ್ರು. ನಡುವ ಒಂದು ಡಬಲ್ ಸ್ಪೆಂಡೂ (ಒಂದs ಹಣ ಎರಡು ಸಲ ಖರ್ಚು) ಆತು.

ಬರಕೊಂಡ ಮಿತಿ ಒಂದು, ಯಾರೂ ಬರೀದ ಮಿತಿ ಹತ್ತು ಇರ್ತಾವ. ಎಂಟು ಪಟ್ಟು ಮಾಡ್ದಾಗ ಯಾವ್ದು ಹೊರಗ ಬೀಳ್ತದ ಅಂತ ಟೆಸ್ಟ್‌ನೆಟ್ ಅನ್ನೂ ಪರೀಕ್ಷಾ ನೆಟ್‌ವರ್ಕ್‌ನ್ಯಾಗ ಗೊತ್ತಾಗೂದಿಲ್ಲ, ಯಾಕಂದ್ರ ಅಲ್ಲಿ ಹಳೇ ಆವೃತ್ತಿ ಓಡಸವ್ರು ಇರೂದಿಲ್ಲ.

ಲೆಕ್ಕದ_ಮೇಷ್ಟ್ರು:
ಬರೆಯದ ಮಿತಿಯ ಮಾತು ಬಂದದ್ದಕ್ಕೆ ಇದೂ ಸೇರಲಿ. 2015ರ ಜುಲೈನಲ್ಲಿ ಬ್ಲಾಕ್ 364,292ರಲ್ಲಿ ಹೆಚ್ಚುಕಡಿಮೆ ಇಡೀ ಬ್ಲಾಕಿನಷ್ಟು ದೊಡ್ಡ ಒಂದೇ ಟ್ರಾನ್ಸಾಕ್ಷನ್ ಇತ್ತು, ಇನ್‌ಪುಟ್‌ಗಳೇ ಐದೂವರೆ ಸಾವಿರ. ಅದರ ಪರಿಶೀಲನೆಗೆ ಆಗಿನ ಯಂತ್ರದಲ್ಲಿ 25 ಸೆಕೆಂಡ್ ಹಿಡೀತು. ಹಳೆಯ ವಿಧಾನದಲ್ಲಿ ಪ್ರತಿ ಇನ್‌ಪುಟ್‌ನ ಸಹಿ ನೋಡುವಾಗಲೂ ಇಡೀ ಟ್ರಾನ್ಸಾಕ್ಷನ್ ಅನ್ನ ಮತ್ತೆ ಹ್ಯಾಶ್ ಮಾಡಬೇಕು. ಗಾತ್ರ ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು, ಎಂಟು ಪಟ್ಟಾದರೆ 64 ಪಟ್ಟು.

ಸೆಗ್‌ವಿಟ್ ಜೊತೆ ಬಂದ ಬಿಐಪಿ 143 ಇದನ್ನ ನೇರ ಅನುಪಾತಕ್ಕೆ ತಂದಿತು, ಆದರೆ ಸೆಗ್‌ವಿಟ್ ಇನ್‌ಪುಟ್‌ಗಳಿಗೆ ಮಾತ್ರ. ಹಳೆಯ ಬಗೆಯವು ಇನ್ನೂ ಚಾಲ್ತಿಯಲ್ಲಿವೆ, ಅವನ್ನೇ ಬಳಸಿ ವಿಷಬ್ಲಾಕ್ ಕಟ್ಟಬಹುದು. ಇದಕ್ಕೆ ಬಿಐಪಿ 54 ಅಂತ ಪ್ರಸ್ತಾಪ ಇದೆ: ಹಳೆಯ ಬಗೆಯ ಸಹಿ ಕಾರ್ಯ ಒಂದು ಟ್ರಾನ್ಸಾಕ್ಷನ್‌ಗೆ 2,500 ದಾಟಬಾರದು. ಗಾತ್ರ ಏರಿಸಬೇಕು ಅನ್ನೋರು ಮೊದಲು ಇದನ್ನ ಒಳಗೆ ತರೋಕೆ ಹೋರಾಡಲಿ. ಇದಿಲ್ಲದೆ ಗಾತ್ರ ಮುಟ್ಟೋದು ತಪ್ಪು ಕ್ರಮ.

ದೊಡ್ಡಬ್ಲಾಕ್:
ಟ್ರಾನ್ಸಾಕ್ಷನ್ ಗಾತ್ರಕ್ಕೆ ಬೇರೆ ಮಿತಿ ಹಾಕಿದರೆ ಆ 64 ಪಟ್ಟು ಮಾಯ. 2017ರಲ್ಲಿ ಬಿಟ್‌ಕಾಯಿನ್‌ನಿಂದ ಕವಲೊಡೆದ ಬಿಟ್‌ಕಾಯಿನ್ ಕ್ಯಾಶ್ ಕಡೆ ಅದನ್ನೇ ಮಾಡಿದರು, ಜೊತೆಗೆ ಬಿಐಪಿ 143 ಮಾದರಿಯ ಸಹಿಯನ್ನ ಎಲ್ಲ ಟ್ರಾನ್ಸಾಕ್ಷನ್‌ಗೂ ಕಡ್ಡಾಯ ಮಾಡಿದರು. 2017ರಲ್ಲಿ 8 ಎಂಬಿ, 2018ರ ಮೇ ತಿಂಗಳಿಂದ 32 ಎಂಬಿ. 2024ರ ಮೇ ತಿಂಗಳಿಂದ ಬಳಕೆ ನೋಡಿ ಮಿತಿ ತಾನಾಗೇ ಏರೋ ಪದ್ಧತಿಯೂ ಇದೆ. ಯಾವ ನೋಡ್ ಸತ್ತಿದೆ ತೋರಿಸಿ.

ಸಹ್ಯಾದ್ರಿ_ನೋಡ್:
ಅಲ್ಲಿ ಬಹುಪಾಲು ಬ್ಲಾಕ್ 1 ಎಂಬಿಯನ್ನೂ ಮುಟ್ಟಲ್ಲ. ತುಂಬದ ಮಿತಿ ಯಾವ ಹೊರೆಯನ್ನೂ ಪರೀಕ್ಷೆ ಮಾಡಿಲ್ಲ.

ದೊಡ್ಡಬ್ಲಾಕ್:
ಇಲ್ಲಿನ ಬ್ಲಾಕ್ ತುಂಬಿದಾಗ ಜನ ಏನು ತೆತ್ತರು ಅಂತಲೂ ನೋಡಿ. 2017ರ ಡಿಸೆಂಬರ್‌ನಲ್ಲಿ ಸರಾಸರಿ ಫೀ 50 ಡಾಲರ್ ದಾಟಿತು. 2024ರ ಏಪ್ರಿಲ್ 20ರಂದು, ಹಾವಿಂಗ್ (ಮೈನರ್ ಸಂಭಾವನೆ ಅರ್ಧ ಆಗೋ) ದಿನ, 100 ಡಾಲರ್ ಮೇಲೆ. ಆ ದಿನ 500 ರೂಪಾಯಿ ಕಳಿಸಬೇಕಾದವನ ಪಾಲಿಗೆ ಬಿಟ್‌ಕಾಯಿನ್ ಇರಲೇ ಇಲ್ಲ. ನೋಡ್ ಓಡಿಸೋ ಖರ್ಚಿನ ಬಗ್ಗೆ ಇಷ್ಟು ಕಾಳಜಿ ಇರೋರು, ಬಳಸೋ ಖರ್ಚಿನ ಬಗ್ಗೆ ಯಾಕೆ ಮಾತಾಡಲ್ಲ? ಒಂದು ಟ್ರಾನ್ಸಾಕ್ಷನ್ ಫೀಗಿಂತ ಕಡಿಮೆಗೆ ನೋಡ್ ಓಡುತ್ತೆ ಅಂದರೆ ಆ ನೋಡ್ ಯಾರ ಹಣವನ್ನ ಕಾಯ್ತಿದೆ?

ಸೋಮವಾರಪೇಟೆ_ಕಾಫಿ:
ಈ ಪ್ರಶ್ನೆಗೆ ಯಾರಾದರೂ ನೇರ ಉತ್ತರ ಕೊಡಿ ದಯವಿಟ್ಟು.

ಮಿಂಚುಹುಳ:
ಕೊಡ್ತೀನಿ. ಪ್ರಶ್ನೆ ನ್ಯಾಯವಾದದ್ದು. ಆದರೆ ಎಂಟು ಪಟ್ಟು ಅದಕ್ಕೆ ಉತ್ತರ ಅಲ್ಲ. 2025ರ ಆಗಸ್ಟ್‌ನಲ್ಲಿ ಯುಪಿಐ ಒಂದೇ ತಿಂಗಳಲ್ಲಿ 2,000 ಕೋಟಿ ಪಾವತಿ ದಾಟಿತು, ಸೆಕೆಂಡಿಗೆ ಸರಾಸರಿ 7,400ಕ್ಕೂ ಹೆಚ್ಚು. ಅದನ್ನ 141 ವಿ-ಬೈಟ್ ಲೆಕ್ಕದಲ್ಲಿ ಚೈನ್ ಮೇಲೆ ಹಾಕಿದರೆ 10 ನಿಮಿಷಕ್ಕೆ 630 ಎಂಬಿ, ವರ್ಷಕ್ಕೆ 33 ಟಿಬಿ. ಒಂದು ದೇಶದ ಸಣ್ಣ ಪಾವತಿಗೇ ಇಷ್ಟು. ಎಂಟು ಪಟ್ಟು ಮಾಡಿ ಸೆಕೆಂಡಿಗೆ 12 ಇದ್ದದ್ದು 95 ಆದರೆ ದಿನಸಿ ಅಂಗಡಿಯ ಪಾವತಿಗೆ ಯಾವ ವ್ಯತ್ಯಾಸವೂ ಇಲ್ಲ. ಸಣ್ಣ ಪಾವತಿ ಲೈಟ್ನಿಂಗ್ ಚಾನೆಲ್ ಒಳಗೇ, ಅಂದರೆ ಚೈನ್ ಹೊರಗೆ ಇಬ್ಬರ ನಡುವಿನ ಖಾತೆಯಲ್ಲೇ ಆಗಬೇಕು.

ದೊಡ್ಡಬ್ಲಾಕ್:
ಲೈಟ್ನಿಂಗ್ ಚಾನೆಲ್ ತೆರೆಯೋಕೂ ಮುಚ್ಚೋಕೂ ಚೈನ್ ಮೇಲೆ ಜಾಗ ಬೇಕು. ತುಂಗಾತೀರ ಅವರ ಮೂರೂಮುಕ್ಕಾಲು ವರ್ಷದ ಲೆಕ್ಕ ಅದಕ್ಕೂ ಅನ್ವಯಿಸುತ್ತೆ. ಫೀ ಏರಿದ ದಿನವೇ ಎಲ್ಲರೂ ಮುಚ್ಚೋಕೆ ಓಡಿದರೆ?

ಮಿಂಚುಹುಳ:
ಅದು ಲೈಟ್ನಿಂಗ್‌ನ ನಿಜವಾದ ಬಲಹೀನತೆ, ಮುಚ್ಚಿಡೋಕೆ ಹೋಗಲ್ಲ. ಅಂಕಿ ಇಡ್ತೀನಿ.

ಆಂಕರ್ (ಆಮೇಲೆ ಫೀ ಏರಿಸೋಕೆ ಇಡೋ ಸಣ್ಣ ಔಟ್‌ಪುಟ್) ಇರೋ ಕಮಿಟ್‌ಮೆಂಟ್, ಅಂದರೆ ಚಾನೆಲ್ ಮುಚ್ಚೋ ಟ್ರಾನ್ಸಾಕ್ಷನ್ 281 ವಿ-ಬೈಟ್. ಮುಗಿಯದೆ ದಾರಿಯಲ್ಲಿ ಸಿಕ್ಕಿಕೊಂಡ ಪ್ರತಿ ಪಾವತಿ, ಅಂದರೆ ಪ್ರತಿ ಎಚ್‌ಟಿಎಲ್‌ಸಿ, ಅದಕ್ಕೆ 43 ವಿ-ಬೈಟ್ ಸೇರಿಸುತ್ತೆ, ಅದನ್ನ ಬಿಡಿಸಿಕೊಳ್ಳೋಕೆ ಮತ್ತೊಂದು ಟ್ರಾನ್ಸಾಕ್ಷನ್ ಬೇಕು. ವಿ-ಬೈಟಿಗೆ 100 ಸ್ಯಾಟ್ ಇದ್ದ ದಿನ ಬರೀ ಮುಚ್ಚೋಕೆ 28,100 ಸ್ಯಾಟ್. 50,000 ಸ್ಯಾಟ್‌ನ ಚಾನೆಲ್ ತೆರೆದವರಿಗೆ ಅರ್ಧಕ್ಕಿಂತ ಹೆಚ್ಚು ಹೋಯ್ತು. ಅದಕ್ಕೇ 10 ಲಕ್ಷ ಸ್ಯಾಟ್‌ಗಿಂತ ಕಡಿಮೆ ಚಾನೆಲ್ ತೆರೆಯಬೇಡಿ ಅಂತ ನಾನು ಒತ್ತಿ ಹೇಳೋದು.

ಎಚ್‌ಟಿಎಲ್‌ಸಿಗೆ ಗಡುವು ಇರುತ್ತೆ, ಸಾಮಾನ್ಯವಾಗಿ 40ರಿಂದ 144 ಬ್ಲಾಕ್. ಚೈನ್ ಕಿಕ್ಕಿರಿದು ಆ ಗಡುವಿನೊಳಗೆ ನಿಮ್ಮ ಟ್ರಾನ್ಸಾಕ್ಷನ್ ಬ್ಲಾಕಿಗೆ ಸೇರದಿದ್ದರೆ ಎದುರಿನವನು ಹಣ ಎಳೆದುಕೊಳ್ಳಬಹುದು. ಹಾಗಾಗಿ ನೋಡ್ ಓಡಿಸೋರು ಚಾನೆಲ್ ಹೊರಗೆ, ಚೈನ್ ಮೇಲೆ ಫೀ ಏರಿಸೋಕೆ ಸ್ವಲ್ಪ ಹಣ ಪ್ರತ್ಯೇಕ ಇಟ್ಟಿರಲೇಬೇಕು. ಅದಿಲ್ಲದೆ ಆಂಕರ್ ಇದ್ದೂ ಉಪಯೋಗಕ್ಕಿಲ್ಲ. ಮತ್ತೊಂದು ಅನಾಹುತ: ಹಳೆಯ ಚಾನೆಲ್ ಡೇಟಾಬೇಸ್ ಬ್ಯಾಕಪ್ ಮರಳಿ ಹಾಕಿ ನೋಡ್ ಶುರು ಮಾಡೋದು. ಹಳೆಯ ಸ್ಥಿತಿ ಪ್ರಸಾರ ಆದರೆ ದಂಡದ ಟ್ರಾನ್ಸಾಕ್ಷನ್‌ನಲ್ಲಿ ಪೂರ್ತಿ ಹಣ ಎದುರಿನವರಿಗೆ. ಸ್ಟ್ಯಾಟಿಕ್ ಚಾನೆಲ್ ಬ್ಯಾಕಪ್ (ಹಳೆಯ ಸ್ಥಿತಿ ಇಲ್ಲದ, ಚಾನೆಲ್ ಮುಚ್ಚಿಸೋಕೆ ಸಾಕಾಗೋ ಪ್ರತಿ) ಮಾತ್ರ ಬಳಸಿ.

ಇಷ್ಟೆಲ್ಲ ಇದ್ದೂ ಒಂದು ಚಾನೆಲ್ ಎರಡು ಚೈನ್ ಟ್ರಾನ್ಸಾಕ್ಷನ್‌ನಲ್ಲಿ ಸಾವಿರಾರು ಪಾವತಿ ಸಾಗಿಸುತ್ತೆ. ಎಂಟು ಪಟ್ಟಿನ ಲಾಭ ಅದರ ಹತ್ತಿರಕ್ಕೂ ಬರಲ್ಲ.

ತುಂಗಾತೀರ:
ಹಾಗಾದರೆ ಎರಡೂ ಬೇಕು ಅಂತಾಯ್ತಲ್ಲ? ಚಾನೆಲ್‌ಗಳೂ ಬೇಕು, ಚಾನೆಲ್ ತೆರೆಯೋಕೆ ಜಾಗವೂ ಬೇಕು.

ಮಿಂಚುಹುಳ:
ತಾತ್ವಿಕವಾಗಿ ಹೌದು. ಯಾವಾಗ, ಎಷ್ಟು ಅನ್ನೋದರಲ್ಲೇ ಜಗಳ.

ಸೋಮವಾರಪೇಟೆ_ಕಾಫಿ:
ಭಾರತದಲ್ಲಿ ಇದೆಲ್ಲ ಲೆಕ್ಕಕ್ಕೇ ಬರಲ್ಲ. 2022ರ ಏಪ್ರಿಲ್‌ನಿಂದ ಲಾಭಕ್ಕೆ 30 ಪ್ರತಿಶತ ತೆರಿಗೆ, ಜುಲೈನಿಂದ ವರ್ಗಾವಣೆಗೆ 1 ಪ್ರತಿಶತ ಟಿಡಿಎಸ್, ನಷ್ಟವನ್ನ ಬೇರೆ ಲಾಭಕ್ಕೆ ಹೊಂದಿಸೋ ಹಾಗೂ ಇಲ್ಲ. ಬ್ಲಾಕ್ ಎಷ್ಟೇ ದೊಡ್ಡದಾದರೂ ಇಲ್ಲಿ ಯಾರೂ ಕಾಫಿಗೆ ಬಿಟ್‌ಕಾಯಿನ್ ಕೊಡಲ್ಲ.

ದೊಡ್ಡಬ್ಲಾಕ್:
ಜಗತ್ತು ಭಾರತ ಒಂದೇ ಅಲ್ಲ.

ನಿರ್ವಾಹಕ:
ತೆರಿಗೆ ಬಗ್ಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ಸಾಮರ್ಥ್ಯದ ಮಾತು ಮಾತ್ರ.

ಬೈಟ್_ಬಸವ:
ಇರೋ ಜಾಗವನ್ನ ಎಷ್ಟು ಪೋಲು ಮಾಡ್ತಿದ್ದೀವಿ ಅಂತ ಒಬ್ಬರೂ ಹೇಳಲಿಲ್ಲ. ವಿನಿಮಯ ಕೇಂದ್ರ, ಪೇಮೆಂಟ್ ಸೇವೆ ನಡೆಸೋರು ಓದಲಿ ಅಂತ ಬರೀತೀನಿ.

ಇನ್‌ಪುಟ್ ಗಾತ್ರ: 1ರಿಂದ ಶುರುವಾಗೋ ಹಳೆಯ ವಿಳಾಸ 148 ವಿ-ಬೈಟ್, ಬಿಸಿ1ಕ್ಯೂ ಅಂದರೆ ಸೆಗ್‌ವಿಟ್ ವಿಳಾಸ 68, ಬಿಸಿ1ಪಿ ಅಂದರೆ ಟ್ಯಾಪ್‌ರೂಟ್ 57.5. ಔಟ್‌ಪುಟ್ ಮಾತ್ರ ತಿರುಗುಮುರುಗು: ಕ್ರಮವಾಗಿ 34, 31, 43. ಹಾಗಾಗಿ ಒಂದು ಇನ್‌ಪುಟ್ ಎರಡು ಔಟ್‌ಪುಟ್ ಇದ್ದಾಗ ಟ್ಯಾಪ್‌ರೂಟ್ 154 ಆಗುತ್ತೆ, ಸೆಗ್‌ವಿಟ್‌ನ 141ಕ್ಕಿಂತ ಜಾಸ್ತಿ. "ಟ್ಯಾಪ್‌ರೂಟ್ ಯಾವಾಗಲೂ ಅಗ್ಗ" ಅನ್ನೋದು ಸುಳ್ಳು. ಇನ್‌ಪುಟ್ ಜಾಸ್ತಿ ಇದ್ದಾಗ, ಮಲ್ಟಿಸಿಗ್ (ಹಲವು ಸಹಿ ಬೇಕಾದ ವಿಳಾಸ) ಇದ್ದಾಗ ಅದು ಗೆಲ್ಲುತ್ತೆ. ಮೂರರಲ್ಲಿ ಎರಡು ಸಹಿಯ ಹಳೆಯ ಮಲ್ಟಿಸಿಗ್ ಇನ್‌ಪುಟ್ ಸುಮಾರು 297, ಸೆಗ್‌ವಿಟ್‌ನಲ್ಲಿ 105, ಟ್ಯಾಪ್‌ರೂಟ್‌ನಲ್ಲಿ ಕೀಲಿಗಳನ್ನ ಒಟ್ಟುಗೂಡಿಸಿದರೆ ಅದೇ 57.5.

ಬ್ಯಾಚಿಂಗ್: 100 ಜನಕ್ಕೆ ಬೇರೆ ಬೇರೆ ಕಳಿಸಿದರೆ 14,100 ವಿ-ಬೈಟ್. ಒಂದೇ ಇನ್‌ಪುಟ್‌ನಿಂದ 100 ಪಾವತಿ, ಒಂದು ಚಿಲ್ಲರೆ ಔಟ್‌ಪುಟ್ ಸೇರಿಸಿ ಕಳಿಸಿದರೆ 3,210. ತಲಾ 32. ನಾಲ್ಕು ಪಟ್ಟಿಗೂ ಹೆಚ್ಚು ಸಾಮರ್ಥ್ಯ, ಯಾವ ಫೋರ್ಕೂ (ನಿಯಮ ಬದಲಾವಣೆ) ಇಲ್ಲದೆ. ಕೆಡೋದು ಎಲ್ಲಿ ಅಂದರೆ: ಒಬ್ಬರೊಬ್ಬರ ವಿಳಾಸ ಉಳಿದ 99 ಜನಕ್ಕೆ ಕಾಣುತ್ತೆ. ಫೀ ಕಡಿಮೆ ಇಟ್ಟರೆ ನೂರೂ ಜನ ಸಿಕ್ಕಿಬೀಳ್ತಾರೆ. ಆಗ ಆರ್‌ಬಿಎಫ್ (ಹೆಚ್ಚು ಫೀ ಇಟ್ಟು ಟ್ರಾನ್ಸಾಕ್ಷನ್ ಬದಲಿಸೋದು) ಮಾಡೋಕೆ ಹೋದರೆ, ಯಾರೋ ಒಬ್ಬ ಸ್ವೀಕರಿಸಿದವನು ಆ ಔಟ್‌ಪುಟ್ ಅನ್ನ ಆಗಲೇ ಖರ್ಚು ಮಾಡಿದ್ದರೆ, ಅವನ ಮರಿ ಟ್ರಾನ್ಸಾಕ್ಷನ್‌ನ ಫೀಯನ್ನೂ ನೀವೇ ಮೀರಿಸಬೇಕು.

ಕನ್ಸಾಲಿಡೇಷನ್: 50 ಚಿಕ್ಕ ಇನ್‌ಪುಟ್‌ಗಳನ್ನ ಒಂದಾಗಿಸೋಕೆ 3,442 ವಿ-ಬೈಟ್. 1 ಸ್ಯಾಟ್ ದರದಲ್ಲಿ 3,442 ಸ್ಯಾಟ್. 100 ಸ್ಯಾಟ್ ದರದ ದಿನ ಮಾಡಿದರೆ 3.44 ಲಕ್ಷ ಸ್ಯಾಟ್. ಫೀ ನೆಲ ಕಚ್ಚಿದಾಗ ಮಾಡಿ ಮುಗಿಸಿ. ಸಹ್ಯಾದ್ರಿ ಅವರು ಹೇಳಿದ ಯುಟಿಎಕ್ಸ್‌ಒ ಪಟ್ಟಿಯೂ ಇದರಿಂದ ಇಳಿಯುತ್ತೆ.

ಸಹ್ಯಾದ್ರಿ_ನೋಡ್:
ಇದನ್ನ ದಪ್ಪ ಅಕ್ಷರದಲ್ಲಿ ಮೇಲೆ ಹಾಕಬೇಕು ನಿರ್ವಾಹಕರೇ.

ನೀಲಿ_ಈಥರ್:
ಇನ್ನೊಂದು ಬ್ಲಾಕ್‌ಚೈನ್ ಆದ ಈಥೀರಿಯಂನಲ್ಲಿ ಗ್ಯಾಸ್ (ಬ್ಲಾಕಿನಲ್ಲಿ ಆಗೋ ಕೆಲಸದ ಅಳತೆ) ಮಿತಿ ಬದಲಿಸೋಕೆ ಫೋರ್ಕೇ ಬೇಡ. ಅಲ್ಲಿ ಬ್ಲಾಕ್ ಕಟ್ಟೋ ವ್ಯಾಲಿಡೇಟರ್‌ಗಳು ಪ್ರತಿ ಬ್ಲಾಕಿಗೆ 1/1024ರಷ್ಟು ಮೇಲೆ ಕೆಳಗೆ ಮಾಡಬಹುದು. 2025ರ ಫೆಬ್ರವರಿಯಲ್ಲಿ 3 ಕೋಟಿಯಿಂದ 3.6 ಕೋಟಿ ಗ್ಯಾಸ್‌ಗೆ ಹಾಗೇ ಏರಿತು, ವರ್ಷದ ಕೊನೆಗೆ 6 ಕೋಟಿ. ಎರಡನೇ ಪದರದ (ಮುಖ್ಯ ಸರಪಳಿಯ ಮೇಲೆ ಕಟ್ಟಿದ ಜಾಲಗಳ) ದತ್ತಾಂಶಕ್ಕೆ 2024ರ ಮಾರ್ಚ್‌ನಿಂದ ಬ್ಲಾಬ್ ಅನ್ನೋ ತಾತ್ಕಾಲಿಕ ಕಟ್ಟುಗಳಿವೆ, ತಲಾ 128 ಕೆಬಿ, ಸುಮಾರು 18 ದಿನ ಇಟ್ಟು ಅಳಿಸ್ತಾರೆ. ಬಿಟ್‌ಕಾಯಿನ್‌ನವರು 1 ಎಂಬಿಗೆ ವರ್ಷಗಟ್ಟಲೆ ಜಗಳ ಆಡಿದರು.

ಲೆಕ್ಕದ_ಮೇಷ್ಟ್ರು:
ಮಿತಿಯನ್ನ ಬ್ಲಾಕ್ ಕಟ್ಟೋರ ಕೈಗೇ ಕೊಡೋದು ಒಂದು ಆಯ್ಕೆ. ಬಿಟ್‌ಕಾಯಿನ್ ಅನ್‌ಲಿಮಿಟೆಡ್ ಅನ್ನೋ ಬದಲಿ ಸಾಫ್ಟ್‌ವೇರ್ ಅದನ್ನೇ ಪ್ರಯತ್ನಿಸಿತು. 2017ರ ಜನವರಿಯಲ್ಲಿ ಒಂದು ಪೂಲ್ ಅದನ್ನ ಓಡಿಸಿ 1,000,023 ಬೈಟ್ ಬ್ಲಾಕ್ ತೆಗೀತು. ಮಿತಿಗಿಂತ 23 ಬೈಟ್ ಹೆಚ್ಚು. ನೆಟ್‌ವರ್ಕ್ ತಿರಸ್ಕರಿಸಿತು, 13 ಬಿಟ್‌ಕಾಯಿನ್ ಸಂಭಾವನೆ ಹೋಯಿತು. ಮೈನರ್ ಏನು ಕಟ್ಟಿದರೂ ಒಪ್ಪಬೇಕೋ ಬೇಡವೋ ಅಂತ ತೀರ್ಮಾನಿಸೋದು ನೋಡ್. ಬಿಟ್‌ಕಾಯಿನ್‌ನ ಅಧಿಕಾರ ಹಂಚಿಕೆ ಆ ಥರ ಇದೆ, ಅದು ಆಕಸ್ಮಿಕ ಅಲ್ಲ.

ಹುಬ್ಬಳ್ಳಿ_ಹ್ಯಾಶ್:
2017ರಾಗ ಆದದ್ದು ಪೂರಾ ಹೇಳ್ತೀನಿ, ಯಾಕಂದ್ರ ಮುಂದ ಯಾರs ಗಾತ್ರ ಏರಿಸಿದ್ರೂ ಇದs ದಾರಿ ತುಳೀಬೇಕು.

ಸೆಗ್‌ವಿಟ್‌ಗೆ 2016 ಬ್ಲಾಕ್‌ನ್ಯಾಗ 95 ಪ್ರತಿಶತ ಮೈನರ್ ಒಪ್ಪಿಗಿ ಬೇಕಿತ್ತು. ತಿಂಗಳಗಟ್ಟಲೆ 30ರ ಆಸುಪಾಸಿನ್ಯಾಗs ನಿಂತಿತ್ತು. ಬಳಕೆದಾರ್ರು ಬಿಐಪಿ 148 ತಂದ್ರು: ಆಗಸ್ಟ್ 1ರ ನಂತರ ಸೆಗ್‌ವಿಟ್‌ಗೆ ಸಂಕೇತ ಕೊಡದ ಬ್ಲಾಕನ್ನ ನಮ್ಮ ನೋಡ್ ತಗೊಳ್ಳೂದಿಲ್ಲ. ಇತ್ತ ಮೇ ತಿಂಗಳಾಗ ಕಂಪನಿಗಳು, ಮೈನರ್‌ಗಳ ನಡುವ ನ್ಯೂಯಾರ್ಕ್ ಒಪ್ಪಂದ ಆತು, ಮೊದ್ಲು ಸೆಗ್‌ವಿಟ್, ಆರು ತಿಂಗಳೊಳಗ 2 ಎಂಬಿ ಹಾರ್ಡ್ ಫೋರ್ಕ್ (ಹಳೇ ನೋಡ್ ಒಪ್ಪದ ನಿಯಮ ಬದಲಾವಣೆ), ಇದನ್ನs ಸೆಗ್‌ವಿಟ್2ಎಕ್ಸ್ ಅಂದ್ರು. ಬಿಐಪಿ 91 ಅಂತ 336 ಬ್ಲಾಕ್‌ನ್ಯಾಗ 80 ಪ್ರತಿಶತ ಸಾಕು ಅನ್ನೂ ಸೇತುವೆ ಹಾಕಿ ಜುಲೈನ್ಯಾಗ ದಾಟಿದ್ರು. ಆಗಸ್ಟ್ 24ಕ್ಕ, ಬ್ಲಾಕ್ 481,824ಕ್ಕ ಸೆಗ್‌ವಿಟ್ ಚಾಲೂ ಆತು. 2 ಎಂಬಿ ಭಾಗಕ್ಕ ಬಳಕೆದಾರ್ರ ಬೆಂಬಲ ಸಿಗಲಿಲ್ಲ, ನವೆಂಬರ್ 8ಕ್ಕ ರದ್ದು. ರದ್ದಾದ ಮ್ಯಾಲೂ ಆ ಸಾಫ್ಟ್‌ವೇರ್ ಬಿಡದವ್ರ ನೋಡ್‌ಗಳು ಕೋಡಿನ ಎಣಿಕೆ ದೋಷಕ್ಕ ನಿಗದಿ ಬ್ಲಾಕಿಗಿಂತ ಮೊದ್ಲs ನಿಂತು ಹೋದ್ವು.

ಅದ್ರಾಗ ದೊಡ್ಡ ಅಪಾಯ ಅಂದ್ರ ರೀಪ್ಲೇ. ಎರಡೂ ಸರಪಳಿಗೆ ಒಂದs ಸಹಿ ನಡದ್ರ, ಒಂದ್ರಾಗ ಕಳಿಸಿದ್ದು ಇನ್ನೊಂದ್ರಾಗೂ ಹೋಗ್ತದ. ಬಿಟ್‌ಕಾಯಿನ್ ಕ್ಯಾಶ್ ಸಹಿಯೊಳಗ ಬ್ಯಾರೆ ಗುರುತು ಇಟ್ಟು ಅದನ್ನ ತಪ್ಪಿಸಿತು. ಸೆಗ್‌ವಿಟ್2ಎಕ್ಸ್ ಹಂಗ ಮಾಡಿರಲಿಲ್ಲ. ಆದ್ರ ಕ್ಯಾಶ್‌ನವ್ರು ಡಿಫಿಕಲ್ಟಿ (ಬ್ಲಾಕ್ ಸಿಗೂ ಕಷ್ಟದ ಮಟ್ಟ) ಒಳಗ ಎಡವಿದ್ರು: ಆರು ಬ್ಲಾಕಿಗೆ 12 ತಾಸು ಮೀರಿದ್ರ ಡಿಫಿಕಲ್ಟಿ 20 ಪ್ರತಿಶತ ಇಳಿಸೂ ನಿಯಮ. ಮೈನರ್ಸ್ ಇಳೀಲಿ ಅಂತ ಕಾದು, ಇಳಿದ ಕೂಡ್ಲೆ ನುಗ್ಗಿ, ನಿಮಿಷಕ್ಕೊಂದು ಬ್ಲಾಕ್ ತಗದು, ಏರಿದ ಮ್ಯಾಲೆ ವಾಪಸ್ ಹೋಗವ್ರು. ನವೆಂಬರ್‌ನ್ಯಾಗ ಆ ನಿಯಮ ತಗದು ಹಾಕಿದ್ರು.

ದೊಡ್ಡಬ್ಲಾಕ್:
ಅಂದರೆ ತಾಂತ್ರಿಕ ಅಡ್ಡಿ ಇಲ್ಲ, ಒಪ್ಪಿಗೆ ಸಿಗಲ್ಲ ಅನ್ನೋದೇ ಅಡ್ಡಿ. ಹಾಗಂತ ನೇರ ಹೇಳಿ.

ಲೆಕ್ಕದ_ಮೇಷ್ಟ್ರು:
ಎರಡೂ ಇದೆ. ತಾಂತ್ರಿಕ ಅಡ್ಡಿಗಳನ್ನ ಒಂದೊಂದಾಗಿ ತೆಗೆಯಬಹುದು. ಒಪ್ಪಿಗೆಗೆ ಮುಂಚೆ ಅವು ಹೋಗಿರಬೇಕು. ನನ್ನ ಕ್ರಮ: ಬಿಐಪಿ 54 ಮೊದಲು. ಯುಟಿಎಕ್ಸ್‌ಒ ಪಟ್ಟಿ ಬೆಳೆಯೋ ವೇಗಕ್ಕೆ ಕಡಿವಾಣ ಎರಡನೆಯದು. ಆಮೇಲೆ, ಮೂರ್ನಾಲ್ಕು ವರ್ಷ ಮುಂಚಿತವಾಗಿ ಬ್ಲಾಕ್ ಸಂಖ್ಯೆ ನಿಗದಿ ಮಾಡಿ ಎರಡು ಪಟ್ಟು. ಎಂಟಲ್ಲ. 2015ರಲ್ಲಿ ಬಿಟ್‌ಕಾಯಿನ್ ಡೆವಲಪರ್ ಗ್ಯಾವಿನ್ ಆಂಡ್ರೆಸನ್ ತಂದ ಬಿಐಪಿ 101 ಬಿದ್ದದ್ದೇ ಅದಕ್ಕೆ: 8 ಎಂಬಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ದ್ವಿಗುಣ, 2036ರವರೆಗೆ. ಇಪ್ಪತ್ತು ವರ್ಷದ ಹಾರ್ಡ್‌ವೇರ್ ಭವಿಷ್ಯವನ್ನ ಕೋಡಿನಲ್ಲಿ ಬರೆದಿಟ್ಟಿತ್ತು ಅದು.

ಪಡುಗಡಲು:
ಈಗ ಎರಡು ಪಟ್ಟು ಬೇಕಾ ಎಂಬುದೇ ಪ್ರಶ್ನೆ. 2025ರಲ್ಲಿ ಎಷ್ಟೋ ದಿನ 1 ಸ್ಯಾಟ್‌ಗಿಂತ ಕಡಿಮೆಗೆ ಟ್ರಾನ್ಸಾಕ್ಷನ್ ಬ್ಲಾಕ್ ಸೇರಿತು. 2028ರಲ್ಲಿ ಬ್ಲಾಕ್ ಸಂಭಾವನೆ 3.125ರಿಂದ 1.5625ಕ್ಕೆ ಇಳಿಯುವಾಗ ಮೈನರ್‌ಗೆ ಫೀ ಎಲ್ಲಿಂದ? ಜಾಗ ಹೆಚ್ಚು ಮಾಡಿದ್ರೆ ಫೀ ಇನ್ನೂ ಇಳೀತದೆ.

ದೊಡ್ಡಬ್ಲಾಕ್:
ಎಂಟು ಪಟ್ಟು ಜನ ಅರ್ಧ ಫೀ ಕೊಟ್ಟರೆ ಒಟ್ಟು ನಾಲ್ಕು ಪಟ್ಟು. ಮತ್ತೆ ಬ್ಲಾಕ್ ತುಂಬಿ ಫೀ ಮುಗಿಲು ಮುಟ್ಟಿದ ಮೇಲೆ ಮೂರ್ನಾಲ್ಕು ವರ್ಷದ ಗಡುವು ಕೊಟ್ಟು ಕೂರೋಕಾಗಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ, ಮೆಂಪೂಲ್ ಖಾಲಿ ಇದ್ದಾಗಲೇ ಮಾಡಬೇಕು.

ಪಡುಗಡಲು:
ಎಂಟು ಪಟ್ಟು ಜನ ಬರ್ತಾರೆ ಎಂಬುದಕ್ಕೆ ಏನು ಆಧಾರ? 32 ಎಂಬಿ ಮಿತಿ ಇಟ್ಟ ಕಡೆ ಬಂದಿಲ್ಲ. ಆದ್ರೆ ಖಾಲಿ ಇರುವಾಗಲೇ ತಯಾರಿ ಮಾಡ್ಬೇಕು ಎಂಬ ಮಾತು ಒಪ್ತೇನೆ. ಬಿಐಪಿ 54 ಸಹ ಅದಕ್ಕೇ ಈಗಲೇ ಬೇಕು.

ತುಂಗಾತೀರ:
ತುಂಬ ಉಪಯೋಗ ಆಯ್ತು ಎಲ್ಲರಿಂದ. ಒಂದು ಕೊನೆಯ ಪ್ರಶ್ನೆ. ಈ ಹೊರೆಯನ್ನ ನನ್ನದೇ ನೋಡ್‌ನಲ್ಲಿ ಅಳೆಯೋದು ಹೇಗೆ? ರಾಸ್ಪ್‌ಬೆರಿ ಪೈ 5, 8 ಜಿಬಿ, 2 ಟಿಬಿ ಎಸ್‌ಎಸ್‌ಡಿ.

ಸಹ್ಯಾದ್ರಿ_ನೋಡ್:
ಕಾನ್ಫಿಗ್‌ನಲ್ಲಿ ಎರಡು ಸಾಲು ಸೇರಿಸಿ: ಡೀಬಗ್=ಬೆಂಚ್, ಡೀಬಗ್=ಸಿಎಂಪಿಸಿಟಿಬ್ಲಾಕ್. ನೋಡ್ ಮರುಚಾಲನೆ ಮಾಡಿ ಒಂದು ದಿನ ಬಿಡಿ, 144 ಬ್ಲಾಕ್ ಸಿಗಲಿ. ಡೀಬಗ್ ಲಾಗ್‌ನಲ್ಲಿ ಮೊದಲನೆಯದು ಪ್ರತಿ ಬ್ಲಾಕ್ ಜೋಡಿಸೋಕೆ ಎಷ್ಟು ಮಿಲಿಸೆಕೆಂಡ್ ಅಂತ ಹಂತಹಂತವಾಗಿ ತೋರಿಸುತ್ತೆ. ಎರಡನೆಯದು ಎಷ್ಟು ಟ್ರಾನ್ಸಾಕ್ಷನ್ ಮೆಂಪೂಲ್‌ನಲ್ಲೇ ಸಿಕ್ಕಿತು, ಎಷ್ಟನ್ನ ಕೇಳಿ ತರಿಸಿತು ಅಂತ ತೋರಿಸುತ್ತೆ. ಕೇಳಿ ತರಿಸಿದ್ದು ಸೊನ್ನೆ ಇದ್ದರೆ ಒಳ್ಳೆಯದು. ಮರುಚಾಲನೆ ಆದ ಮೊದಲ ಒಂದೆರಡು ತಾಸಿನ ಅಂಕಿ ಬಿಟ್ಟುಬಿಡಿ, ಮೆಂಪೂಲ್ ಇನ್ನೂ ತುಂಬಿರಲ್ಲ.

ಪೂರ್ತಿ ಹೊರೆ ನೋಡಬೇಕಾದರೆ ಅಸ್ಯೂಮ್‌ವ್ಯಾಲಿಡ್=0 ಇಟ್ಟು ರೀಇಂಡೆಕ್ಸ್-ಚೈನ್‌ಸ್ಟೇಟ್ ಕೊಡಿ. ಹಳೆಯ ಸಹಿಗಳನ್ನೂ ಬಿಡದೆ ಎಲ್ಲವನ್ನೂ ಪರಿಶೀಲಿಸುತ್ತೆ. ಪೈ ಮೇಲೆ ದಿನಗಟ್ಟಲೆ ಹಿಡಿಯುತ್ತೆ, ಕೂಲಿಂಗ್ ಫ್ಯಾನ್ ಇಲ್ಲದಿದ್ದರೆ ಸಿಪಿಯು ಬಿಸಿಯಾಗಿ ವೇಗ ಇಳಿಸ್ಕೊಂಡು ಅಂಕಿಯೇ ಸುಳ್ಳಾಗುತ್ತೆ. ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರೇ ಬೇಕು. ಮೊಬೈಲ್ ಚಾರ್ಜರ್ ಹಾಕಿದರೆ ಯುಎಸ್‌ಬಿ ಎಸ್‌ಎಸ್‌ಡಿಗೆ ಕರೆಂಟ್ ಸಾಲದೆ ನಡುವೆ ಕಡಿದು ಚೈನ್‌ಸ್ಟೇಟ್ ಕೆಡುತ್ತೆ, ಮತ್ತೆ ಮೊದಲಿಂದ.

ಅಪ್‌ಲೋಡ್ ಮೇಲೂ ಕಣ್ಣಿಡಿ. ಒಳಬರುವ ಸಂಪರ್ಕ ತೆರೆದಿದ್ದರೆ ಹೊಸ ನೋಡ್ ಒಂದು ಬಂದು ನೂರಾರು ಜಿಬಿ ಎಳೀಬಹುದು. ನಿಮ್ಮ ಫೈಬರ್ ಪ್ಲಾನ್‌ಗೆ ತಿಂಗಳಿಗೆ 3,300 ಜಿಬಿ ಎಫ್‌ಯುಪಿ (ಬಳಕೆಯ ಮಿತಿ) ಇದ್ದರೆ ಮ್ಯಾಕ್ಸ್‌ಅಪ್‌ಲೋಡ್‌ಟಾರ್ಗೆಟ್=20000 ಇಡಿ. ದಿನಕ್ಕೆ ಸುಮಾರು 20 ಜಿಬಿ ಆದ ಮೇಲೆ ಹಳೆಯ ಬ್ಲಾಕ್ ಕೊಡೋದು ನಿಲ್ಲಿಸುತ್ತೆ, ಹೊಸ ಬ್ಲಾಕ್ ಕೊಡ್ತಾ ಇರುತ್ತೆ.

ದೊಡ್ಡಬ್ಲಾಕ್:
ಅಳೆದ ಮೇಲೆ ಅಂಕಿಗಳನ್ನ ಇಲ್ಲೇ ಹಾಕಿ. ಬ್ಲಾಕ್ ಜೋಡಿಸೋಕೆ 1 ಸೆಕೆಂಡ್ ಒಳಗೆ ಅಂತ ಬಂದರೆ ಎಂಟು ಪಟ್ಟಿನ ಮಾತು ಮತ್ತೆ ಎತ್ತುತ್ತೀನಿ.

ಲೆಕ್ಕದ_ಮೇಷ್ಟ್ರು:
ಎತ್ತಿ. ಆದರೆ ಸರಾಸರಿ ಅಲ್ಲ, ಆ ದಿನದ ಅತಿ ನಿಧಾನದ ಐದು ಬ್ಲಾಕ್‌ಗಳ ಅಂಕಿ ಹಾಕಿಸಿ. ಅದರಲ್ಲಿ ಹಳೆಯ ಬಗೆಯ ಇನ್‌ಪುಟ್ ಎಷ್ಟಿತ್ತು ಅಂತಲೂ ಬರೀಲಿ.